ಸೆಕೆಂಡ್ ಹ್ಯಾಂಡ್ ಬೈಕ್‌ನ ಆರ್‌ಸಿಯಲ್ಲಿ ಕ್ಲಾಸ್ ತಪ್ಪಾಗಿದ್ದರೆ ಏನು ಮಾಡಬೇಕು?

ಸೆಕೆಂಡ್ ಹ್ಯಾಂಡ್ ಬೈಕ್ ತೆಗೆದುಕೊಳ್ಳುವಾಗ ಎಂಜಿನ್ ಸದ್ದು ಕೇಳುತ್ತೇವೆ, ಚೈನ್ ಸ್ಪ್ರಾಕೆಟ್ ನೋಡುತ್ತೇವೆ, ಟೈರ್ ಎಷ್ಟು ಸವೆದಿದೆ ಅಂತ ಬೆರಳಾಡಿಸುತ್ತೇವೆ, ಲೋನ್ ಬಾಕಿ ಇದೆಯಾ ಅಂತಲೂ ಕೇಳುತ್ತೇವೆ. ಆರ್‌ಸಿ ಕೈಗೆ ಬಂದಾಗ ಮಾತ್ರ ಹೆಸರು, ನಂಬರ್ ನೋಡಿ ಜೇಬಿಗೆ ಹಾಕಿಕೊಳ್ಳುತ್ತೇವೆ. ಅದರಲ್ಲಿ ‘ವೆಹಿಕಲ್ ಕ್ಲಾಸ್’, ಅಂದರೆ ಗಾಡಿ ಯಾವ ಬಗೆಯದು ಅಂತ ಹೇಳುವ ಒಂದು ಸಾಲು ಇರುತ್ತದೆ. ಅದನ್ನು ಓದುವವರು ಕಡಿಮೆ. ಓದಬೇಕಾದ ಪ್ರಸಂಗ ಬರುವುದು ಆಮೇಲೆ: ಇನ್ಶೂರೆನ್ಸ್ ಆನ್‌ಲೈನ್‌ನಲ್ಲಿ ರಿನ್ಯೂ ಮಾಡಲು ಹೋದರೆ ‘ಇದು ಕಮರ್ಷಿಯಲ್ ಗಾಡಿ’ ಅನ್ನುತ್ತದೆ, ಎಚ್‌ಎಸ್‌ಆರ್‌ಪಿ ಪ್ಲೇಟ್ ಬುಕ್ ಮಾಡಲು ಹೋದರೆ ಹಳದಿ ಬಣ್ಣ ತೋರಿಸುತ್ತದೆ, ಇಲ್ಲವೇ ಹೆಸರು ಬದಲಾವಣೆಗೆ ಹಾಕಿದ ಅರ್ಜಿ ಫಿಟ್‌ನೆಸ್ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮುಗಿದಿದೆ ಅಂತ ವಾಪಸ್ ಬರುತ್ತದೆ. ಮನೆಯಿಂದ ಅಂಗಡಿಗೆ ಓಡಿಸುವ ಬೈಕಿಗೆ ಎಂಥ ಫಿಟ್‌ನೆಸ್ ಸ್ವಾಮಿ ಅಂತ ತಲೆ ಕೆರೆದುಕೊಳ್ಳುವ ಹೊತ್ತಿಗೆ ಮಾರಿದವನ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಇದನ್ನು ಸರಿಮಾಡಿಸಬಹುದು. ಆದರೆ ‘ಕ್ಲಾಸ್ ತಪ್ಪು’ ಅನ್ನುವ ಒಂದೇ ಮಾತಿನ ಕೆಳಗೆ ಬೇರೆ ಬೇರೆ ಸಮಸ್ಯೆಗಳು ಅಡಗಿವೆ. ಒಂದೊಂದಕ್ಕೂ ದಾರಿ ಬೇರೆ. ಆರ್‌ಟಿಒ ಕಚೇರಿಯಲ್ಲಿ ಜನ ಸುಮ್ನೆ ಸುತ್ತುವುದು ಇದನ್ನು ಮೊದಲೇ ವಿಂಗಡಿಸಿಕೊಳ್ಳದೆ ಹೋಗುವುದರಿಂದ ಅಂತ ನನ್ನ ಅನಿಸಿಕೆ.

ಎಷ್ಟೋ ಸಲ ತಪ್ಪೇ ಇರುವುದಿಲ್ಲ

ಮೊದಲು ಸಮಾಧಾನದ ಮಾತು. ದೇಶದ ಬಹುತೇಕ ಎಲ್ಲ ಆರ್‌ಟಿಒಗಳು ಈಗ ‘ವಾಹನ್’ ಅನ್ನುವ ಒಂದೇ ತಂತ್ರಾಂಶದಲ್ಲಿ ಕೆಲಸ ಮಾಡುತ್ತವೆ. ಅದರಲ್ಲಿ ಬೈಕಿಗೂ ಸ್ಕೂಟರಿಗೂ ಬೇರೆ ಬೇರೆ ಕ್ಲಾಸ್ ಇಲ್ಲ. ಎರಡಕ್ಕೂ ‘ಎಂ-ಸೈಕಲ್/ಸ್ಕೂಟರ್’ ಅಂತಲೇ ಬರುತ್ತದೆ. ನಿಮ್ಮ ಆಕ್ಟಿವಾದ ಆರ್‌ಸಿಯಲ್ಲಿ ಮೋಟಾರ್ ಸೈಕಲ್ ಅನ್ನುವ ಪದ ಕಂಡರೆ ಗಾಬರಿ ಬೇಡ. ಬಾಡಿ ಟೈಪ್ ಜಾಗದಲ್ಲಿ ‘ಸೋಲೊ’ ಅಂತ ಇದ್ದರೆ ಒಬ್ಬರೇ ಕೂರಬೇಕು ಅಂತ ಅರ್ಥ ಅಲ್ಲ. ಎಷ್ಟು ಜನ ಅನ್ನುವುದನ್ನು ಸೀಟಿಂಗ್ ಕೆಪಾಸಿಟಿಯ ಸಾಲಿನಲ್ಲಿ ನೋಡಬೇಕು. ಕೆಟಗರಿ ಜಾಗದಲ್ಲಿ ‘2ಡಬ್ಲ್ಯುಎನ್’ ಅಂತ ಇದ್ದರೆ ಟೂ ವೀಲರ್, ನಾನ್ ಟ್ರಾನ್ಸ್‌ಪೋರ್ಟ್, ಅಂದರೆ ಸ್ವಂತ ಬಳಕೆಯ ಗಾಡಿ. ‘2ಡಬ್ಲ್ಯುಟಿ’ ಅಂತ ಇದ್ದರೆ ಟ್ರಾನ್ಸ್‌ಪೋರ್ಟ್, ಅಂದರೆ ಬಾಡಿಗೆಗೆ ಓಡುವ ಗಾಡಿ. ಈ ಕೊನೆಯ ಒಂದು ಅಕ್ಷರದಲ್ಲೇ ಅರ್ಧ ಕಥೆ ಇದೆ.

ಹಾಗೆಯೇ ಟಿವಿಎಸ್ ಎಕ್ಸ್‌ಎಲ್ 100ರ ಆರ್‌ಸಿಯಲ್ಲಿ ‘ಮೊಪೆಡ್’ ಅಂತ ಇರುವುದೂ ತಪ್ಪಲ್ಲ. ಅದರ ಎಂಜಿನ್ 99.7 ಸಿಸಿ, ಹಾಗಾಗಿ ಮೊಪೆಡ್ ಹೇಗಾಗುತ್ತದೆ ಅಂತ ಕೆಲವರು ವಾದಿಸುತ್ತಾರೆ. ಹಳೇ ಲೂನಾ, ಟಿವಿಎಸ್ 50 ಕಾಲದಿಂದ ಮೊಪೆಡ್ ಅಂದರೆ 50 ಸಿಸಿ ಅನ್ನುವ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ, ಅಷ್ಟೇ.

ತಪ್ಪು ಅನ್ನಬಹುದಾದದ್ದು ಯಾವುದು ಹಾಗಾದರೆ? ಗೇರ್ ಇರುವ 150 ಸಿಸಿ ಬೈಕಿಗೆ ಮೊಪೆಡ್ ಅಂತ ಬಿದ್ದಿರುವುದು. ಯಾರೂ ಯಾವತ್ತೂ ಬಾಡಿಗೆಗೆ ಓಡಿಸದ ಗಾಡಿಗೆ ‘ಯೂಸ್ಡ್ ಫಾರ್ ಹೈರ್’ ಅಂತ ಇರುವುದು. ಮಾಮೂಲಿ ಸ್ಕೂಟರಿಗೆ ‘ಇನ್‌ವ್ಯಾಲಿಡ್ ಕ್ಯಾರೇಜ್’ ಅಥವಾ ‘ಅಡಾಪ್ಟೆಡ್ ವೆಹಿಕಲ್’ ಅಂತ, ಅಂದರೆ ಅಂಗವಿಕಲರಿಗಾಗಿ ಮಾಡಿದ ಗಾಡಿ ಅಂತ ಬಂದಿರುವುದು. ಎರಡು ಚಕ್ರದ ಗಾಡಿ ಕಂಪ್ಯೂಟರ್‌ನಲ್ಲಿ ಕಾರಾಗಿ ಕೂತಿರುವುದೂ ಉಂಟು. ಹಳೇ ಕಾಗದದ ಆರ್‌ಸಿ ಬುಕ್‌ಗಳ ಕಾಲದ ವಿವರಗಳನ್ನು ಕಂಪ್ಯೂಟರ್‌ಗೆ ಏರಿಸುವಾಗ ಪಟ್ಟಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಕ್ಲಿಕ್ ಆದರೆ ಸಾಕು, ಗಾಡಿಯ ಜಾತಿಯೇ ಬದಲಾಗಿ ಹೋಗುತ್ತದೆ. ಇಂಥ ಹಳೆಯ ದಾಖಲೆ ಏರಿಸುವ ಕೆಲಸಕ್ಕೆ ‘ಬ್ಯಾಕ್‌ಲಾಗ್ ಎಂಟ್ರಿ’ ಅನ್ನುತ್ತಾರೆ. ಕೌಂಟರಿನಲ್ಲಿ ಈ ಮಾತು ಕೇಳಿ ಬಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಂತ ತಿಳಿಯಿರಿ, ಯಾಕೆಂದರೆ ತಪ್ಪು ಕಚೇರಿಯದು ಅಂತ ಅವರೇ ಅರ್ಧ ಒಪ್ಪಿಕೊಂಡ ಹಾಗೆ.

ತಪ್ಪು ಕಾಗದದ್ದೋ, ಗಾಡಿಯ ಹಿಂದಿನ ಜನ್ಮದ್ದೋ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಆರ್‌ಸಿಯಲ್ಲಿ ‘ಹೈರ್’ ಅಂತ ಇದೆ. ಅದು ಟೈಪ್ ಮಾಡಿದವರ ಕೈತಪ್ಪೋ, ಅಥವಾ ಆ ಗಾಡಿ ನಿಜವಾಗಿಯೂ ಬಾಡಿಗೆ ಗಾಡಿಯಾಗಿತ್ತೋ? ಎರಡನೆಯದಾದರೆ ಆರ್‌ಸಿ ಸರಿಯಾಗಿಯೇ ಇದೆ, ತಪ್ಪಾಗಿರುವುದು ನಿಮಗೆ ಮಾರಿದವನ ಮಾತು.

ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಬಾಡಿಗೆಗೆ ಕೊಡುತ್ತಿದ್ದ ಸ್ಕೂಟರ್‌ಗಳು ನೆನಪಿವೆಯಾ? ಕಪ್ಪು ಪ್ಲೇಟ್, ಹಳದಿ ಅಕ್ಷರ. ಕೇಂದ್ರ ಸರ್ಕಾರದ ‘ರೆಂಟ್ ಎ ಮೋಟಾರ್ ಸೈಕಲ್’ ಯೋಜನೆ 1997ರದ್ದು, ಗೋವಾದಲ್ಲಿ ಪ್ರವಾಸಿಗರು ಓಡಿಸುವ ಗಾಡಿಗಳಲ್ಲೂ ಇದೇ ಕಪ್ಪು ಪ್ಲೇಟ್ ಕಾಣುತ್ತದೆ. ಇಂಥ ಗಾಡಿಗಳು ಕೆಲವು ವರ್ಷ ಓಡಿದ ಮೇಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಬೆಲೆ ಕಡಿಮೆ. ಬಣ್ಣ ಹೊಡೆದು, ಬಿಳಿ ಪ್ಲೇಟ್ ಹಾಕಿ ನಿಲ್ಲಿಸಿದರೆ ಗೊತ್ತೇ ಆಗುವುದಿಲ್ಲ. ಕರ್ನಾಟಕದ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ 2021ರಲ್ಲಿ ಬಂದು 2024ರ ಮಾರ್ಚ್‌ನಲ್ಲಿ ವಾಪಸ್ ಹೋಯಿತು. ಹಾಗೆ ಬಾಡಿಗೆಗೆಂದೇ ನೋಂದಣಿಯಾದ ಎಲೆಕ್ಟ್ರಿಕ್ ಗಾಡಿಯಾದರೆ ಹಸಿರು ಪ್ಲೇಟ್ ಮೇಲೆ ಹಳದಿ ಅಕ್ಷರ ಇರುತ್ತದೆ. ಸ್ವಂತ ಬಳಕೆಯ ಎಲೆಕ್ಟ್ರಿಕ್ ಗಾಡಿಗೆ ಹಸಿರಿನ ಮೇಲೆ ಬಿಳಿ ಅಕ್ಷರ.

ಮಾರುವವನು ಪ್ಲೇಟ್‌ನ ಬಣ್ಣ ಬದಲಾಯಿಸಬಹುದು, ನಂಬರನ್ನು ತಾನೇ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ನಂಬರ್‌ನ ಮಧ್ಯದ ಅಕ್ಷರ ನೋಡಿ. ಕರ್ನಾಟಕದಲ್ಲಿ ಟ್ರಾನ್ಸ್‌ಪೋರ್ಟ್ ಗಾಡಿಗಳ ಸರಣಿ ಸಾಮಾನ್ಯವಾಗಿ ಎ, ಬಿ, ಸಿ, ಡಿ ಅಕ್ಷರಗಳಿಂದ ಶುರುವಾಗುತ್ತದೆ. ಆಟೊ, ಕ್ಯಾಬ್, ಲಾರಿ ನಂಬರ್ ನೋಡಿದರೆ ಗೊತ್ತಾಗುತ್ತದೆ. ಸ್ವಂತ ಬಳಕೆಯ ಟೂ ವೀಲರ್‌ಗಳಿಗೆ ಇ, ಎಚ್, ಜೆ, ಕೆ, ಎಲ್ ಇತ್ಯಾದಿ. ಸರ್ಕಾರಿ ಗಾಡಿಗೆ ಜಿ. ಅಂದರೆ ನಿಮ್ಮ ಬೈಕಿನ ನಂಬರ್ ‘ಕೆಎ 05 ಎಚ್’ ಅಂತ ಶುರುವಾಗಿ ಆರ್‌ಸಿಯಲ್ಲಿ ಹೈರ್ ಅಂತ ಇದ್ದರೆ, ಅದು ಬಹುಮಟ್ಟಿಗೆ ಬರವಣಿಗೆಯ ತಪ್ಪು. ‘ಕೆಎ 05 ಎ’ ಅಂತ ಶುರುವಾಗಿದ್ದರೆ ಆ ಗಾಡಿ ಹುಟ್ಟುವಾಗಲೇ ಬಾಡಿಗೆ ಗಾಡಿ. ಕೌಂಟರಿಗೆ ಹೋಗುವ ಮೊದಲೇ ಎಷ್ಟೋ ವಿಷಯ ಇಷ್ಟರಲ್ಲೇ ತಿಳಿದುಬಿಡುತ್ತದೆ.

ಗಟ್ಟಿ ಪುರಾವೆ ಬೇಕೆಂದರೆ ‘ಬಿ ಎಕ್ಸ್‌ಟ್ರಾಕ್ಟ್’ ತೆಗೆಸಿ. ಆರ್‌ಟಿಒ ತನ್ನ ರಿಜಿಸ್ಟರ್‌ನಲ್ಲಿ ಆ ಗಾಡಿಯ ಬಗ್ಗೆ ಏನೇನು ಬರೆದಿಟ್ಟಿದೆಯೋ ಅದರ ದೃಢೀಕರಿಸಿದ ನಕಲು ಅದು. ಮೊದಲ ಮಾಲೀಕರು ಯಾರು, ಟ್ಯಾಕ್ಸ್ ಎಷ್ಟು ಕಟ್ಟಿದೆ, ಲೋನ್ ಇತ್ತಾ, ಯಾವ ಕ್ಲಾಸ್‌ನಲ್ಲಿ ನೋಂದಣಿ ಆಯಿತು, ಎಲ್ಲ ಇರುತ್ತದೆ. ಇದರಲ್ಲಿ ‘ಲೈಫ್‌ಟೈಮ್ ಟ್ಯಾಕ್ಸ್’ ಕಟ್ಟಿರುವ ಸ್ವಂತ ಬಳಕೆಯ ಗಾಡಿ ಅಂತ ಇದ್ದು, ಆರ್‌ಸಿ ಕಾರ್ಡ್‌ನಲ್ಲಿ ಮಾತ್ರ ಹೈರ್ ಅಂತ ಬಂದಿದ್ದರೆ ನಿಮ್ಮ ಕೆಲಸ ಮುಕ್ಕಾಲು ಮುಗಿದಂತೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದರೂ ಕ್ಲಾಸ್ ಕಾಣುತ್ತದೆ, ಆದರೆ ಅದು ತೋರಿಸುವುದು ಕಂಪ್ಯೂಟರ್‌ನಲ್ಲಿ ಈಗ ಏನಿದೆ ಅನ್ನುವುದನ್ನು ಮಾತ್ರ. ತಪ್ಪು ಇರುವುದೇ ಅಲ್ಲಿ ಅಲ್ವಾ?

ಸುಮ್ಮನೆ ಬಿಟ್ಟರೆ ಏನಾಗುತ್ತದೆ?

ಓಡಿಸಿಕೊಂಡು ಹೋಗಬಹುದು, ಪೊಲೀಸರು ಹಿಡಿದರೂ ಕ್ಲಾಸ್ ನೋಡುವುದು ಅಪರೂಪ. ಅದು ನಿಜ. ಕಷ್ಟ ಶುರುವಾಗುವುದು ಅಪಘಾತ ಆದಾಗ.

ಕ್ಲೇಮ್ ಬಂದಾಗ ಇನ್ಶೂರೆನ್ಸ್ ಕಂಪನಿಯವರು ಮೂರು ಕಾಗದ ಪಕ್ಕಪಕ್ಕ ಇಟ್ಟು ನೋಡುತ್ತಾರೆ: ಆರ್‌ಸಿ, ಪಾಲಿಸಿ, ಡಿಎಲ್. ಮೂರರಲ್ಲೂ ಗಾಡಿ ಒಂದೇ ಇರಬೇಕು. ಆರ್‌ಸಿ ಬಾಡಿಗೆ ಗಾಡಿ ಅನ್ನುತ್ತದೆ, ಪಾಲಿಸಿ ಸ್ವಂತ ಬಳಕೆಯ ಗಾಡಿ ಅನ್ನುತ್ತದೆ ಅಂದರೆ ತಕರಾರಿಗೆ ಬಾಗಿಲು ತೆರೆದ ಹಾಗೆ. ನೀವು ಕೊನೆಗೆ ಗೆಲ್ಲಬಹುದು, ಆದರೆ ಆಸ್ಪತ್ರೆ ಬಿಲ್ ಕಟ್ಟುವ ಹೊತ್ತಿನಲ್ಲಿ ವಾದ ಮಾಡಿಕೊಂಡು ಯಾರು ಕೂರುತ್ತಾರೆ?

ಇನ್ನೊಂದು ಕಡೆ ಫಿಟ್‌ನೆಸ್. ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷಕ್ಕೆ ಇರುತ್ತದೆ, ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಟ್ರಾನ್ಸ್‌ಪೋರ್ಟ್ ಗಾಡಿಗೆ ಹಾಗಲ್ಲ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಕ್ಲಾಸ್ ತಪ್ಪಾಗಿ ಬಿದ್ದರೆ ಕಂಪ್ಯೂಟರ್ ನಿಮ್ಮ ಬೈಕಿಗೂ ಇದೇ ಲೆಕ್ಕ ಹಾಕುತ್ತದೆ. ನಿಮಗೆ ಗೊತ್ತಿಲ್ಲದೆ ಫಿಟ್‌ನೆಸ್ ಮುಗಿದಿರುತ್ತದೆ. ಅದು ಬಾಕಿ ಇರುವಾಗ ಬೇರೆ ಯಾವ ಅರ್ಜಿಯೂ ಸಲೀಸಾಗಿ ಮುಂದೆ ಹೋಗುವುದಿಲ್ಲ.

ಮೊಪೆಡ್ ಅಂತ ತಪ್ಪಾಗಿ ಬಿದ್ದ ಬೈಕ್ ಇನ್ನೊಂದು ರೀತಿಯ ಗೊಂದಲ ತರುತ್ತದೆ. ‘ಆರ್‌ಸಿಯಲ್ಲಿ ಮೊಪೆಡ್ ಅಂತಿದೆ, ಹಾಗಾಗಿ ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಸಾಕು, ಮಗನಿಗೆ 16 ಆಯಿತು, ಓಡಿಸಲಿ’ ಅಂತ ಲೆಕ್ಕ ಹಾಕುವವರಿದ್ದಾರೆ. ನಡೆಯುವುದಿಲ್ಲ. 16 ತುಂಬಿದವರಿಗೆ ಕಾನೂನು ಅವಕಾಶ ಕೊಡುವುದು 50 ಸಿಸಿ ಮೀರದ ಗಾಡಿಗೆ. ಲೈಸೆನ್ಸ್ ನೋಡುವಾಗ ಎಣಿಸುವುದು ಗಾಡಿಗೆ ನಿಜವಾಗಿ ಗೇರ್ ಇದೆಯಾ, ಎಂಜಿನ್ ಎಷ್ಟು ಸಿಸಿ ಅನ್ನುವುದನ್ನು. ಹಾಗೇ, ಕ್ಲಾಸ್ ಬೇರೆ, ಸಿಸಿ ಬೇರೆ. ಥರ್ಡ್ ಪಾರ್ಟಿ ಪ್ರೀಮಿಯಂ ಸಿಸಿ ಮೇಲೆ ನಿಂತಿದೆ. 2022ರ ಜೂನ್‌ನಲ್ಲಿ ನಿಗದಿ ಮಾಡಿದ ದರದಲ್ಲಿ 75 ಸಿಸಿವರೆಗೆ ವರ್ಷಕ್ಕೆ 538 ರೂಪಾಯಿ, 75ರಿಂದ 150ಕ್ಕೆ 714, 150ರಿಂದ 350ಕ್ಕೆ 1,366, ಅದರ ಮೇಲೆ 2,804. ಆದ್ದರಿಂದ ಕ್ಲಾಸ್ ಸರಿಮಾಡಿಸಲು ಹೋದಾಗ ಸಿಸಿ, ಇಂಧನ, ಸೀಟ್, ಬಣ್ಣ ಎಲ್ಲವನ್ನೂ ಒಮ್ಮೆ ನೋಡಿಕೊಳ್ಳಿ. ಒಂದು ಕಡೆ ತಪ್ಪಿದವರು ಪಕ್ಕದ ಸಾಲಿನಲ್ಲೂ ತಪ್ಪಿರುವ ಸಾಧ್ಯತೆ ಜಾಸ್ತಿ. ಎರಡು ಸಲ ಅಲೆಯುವುದಕ್ಕಿಂತ ಒಂದೇ ಅರ್ಜಿಯಲ್ಲಿ ಎಲ್ಲ ಬರೆಯುವುದು ಒಳ್ಳೆಯದು.

ಬರವಣಿಗೆಯ ತಪ್ಪಾದರೆ

ಇದಕ್ಕೆ ಅಂತಲೇ ಒಂದು ಫಾರಂ ಹುಡುಕುತ್ತಾ ಹೋಗಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಇವೆ, ಡೂಪ್ಲಿಕೇಟ್ ಆರ್‌ಸಿಗೆ 26 ಇದೆ, ವಿಳಾಸಕ್ಕೆ 33 ಇದೆ, ಲೋನ್ ತೆಗೆಸಲು 35 ಇದೆ. ‘ನೀವು ತಪ್ಪು ಬರೆದಿದ್ದೀರಿ, ತಿದ್ದಿ’ ಅನ್ನುವುದಕ್ಕೆ ಬಿಳಿ ಹಾಳೆಯ ಅರ್ಜಿಯೇ ಆಧಾರ. ಗಾಡಿ ನೋಂದಣಿಯಾದ ಆರ್‌ಟಿಒ ಅಧಿಕಾರಿಗೆ ಬರೆಯಿರಿ. ಗಾಡಿ ನಂಬರ್, ಚಾಸಿಸ್ ನಂಬರ್, ಎಂಜಿನ್ ನಂಬರ್, ಈಗ ಏನಿದೆ, ಏನಾಗಬೇಕು, ಯಾವ ದಾಖಲೆಯ ಆಧಾರದ ಮೇಲೆ. ಕಥೆ ಬೇಡ.

ದಾಖಲೆಯೇ ಇಲ್ಲಿ ಜೀವಾಳ. ಹೊಸ ಗಾಡಿ ನೋಂದಣಿ ಆಗುವಾಗ ಮೂರು ಕಾಗದ ಹೋಗಿರುತ್ತವೆ: ಫಾರಂ 20 ಮಾಲೀಕರ ಅರ್ಜಿ, ಫಾರಂ 21 ಡೀಲರ್ ಕೊಡುವ ಮಾರಾಟ ಪತ್ರ, ಫಾರಂ 22 ಗಾಡಿ ತಯಾರಿಸಿದ ಕಂಪನಿ ಕೊಡುವ ಪ್ರಮಾಣಪತ್ರ. 21ರಲ್ಲಿ ಗಾಡಿಯ ಕ್ಲಾಸ್ ಏನು ಅಂತ ಡೀಲರ್ ಬರೆದಿರುತ್ತಾರೆ. ಅಲ್ಲಿ ಸರಿ ಇದ್ದು ಆರ್‌ಸಿಯಲ್ಲಿ ತಪ್ಪಿದ್ದರೆ ವಾದ ಮಾಡುವುದೇ ಬೇಡ. ಮೊದಲ ಮಾಲೀಕರು ಇವನ್ನು ಇಟ್ಟುಕೊಂಡಿರುವುದು ಕಡಿಮೆ, ಒಂದು ಮಾತು ಕೇಳಿ ನೋಡಿ. ಹಳೇ ಕಾಗದದ ಆರ್‌ಸಿ ಬುಕ್, ಮೊದಲ ಇನ್ವಾಯ್ಸ್, ಮೊದಲ ವರ್ಷದ ಇನ್ಶೂರೆನ್ಸ್ ಪಾಲಿಸಿ ಸಿಕ್ಕರೂ ಚಿನ್ನ. ಏನೂ ಸಿಗದಿದ್ದರೆ ಆ ಕಂಪನಿಯ ಅಧಿಕೃತ ಡೀಲರ್ ಬಳಿ ಹೋಗಿ, 17 ಅಂಕಿ-ಅಕ್ಷರದ ಚಾಸಿಸ್ ನಂಬರ್ ತೋರಿಸಿ, ಈ ಗಾಡಿ ಇಂಥ ಮಾಡೆಲ್, ಇಷ್ಟು ಸಿಸಿ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಬಹುದು. ಆರ್‌ಟಿಒದಲ್ಲೇ ಇರುವ ಹಳೇ ಫೈಲ್‌ನ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳುವ ದಾರಿಯೂ ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಎಷ್ಟೋ ಸಲ ಈ ಅರ್ಜಿ ಒಳಗೆ ಹೋದ ಮೇಲೆಯೇ ಕಪಾಟಿನ ಮೂಲೆಯಲ್ಲಿದ್ದ ಫೈಲಿಗೆ ಗಾಳಿ ಬೆಳಕು ಸಿಗುವುದು.

ಅರ್ಜಿಯನ್ನು ನೇರವಾಗಿ ಕೇಸ್ ವರ್ಕರ್ ಕೈಗೆ ಕೊಟ್ಟು ಬರಬೇಡಿ. ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಮೇಲೆ ಗಾಡಿ ತೋರಿಸಲು ಹೇಳಬಹುದು. ಮೋಟಾರು ವಾಹನ ನಿರೀಕ್ಷಕರು, ಅಂದರೆ ನಾವೆಲ್ಲ ಬ್ರೇಕ್ ಇನ್‌ಸ್ಪೆಕ್ಟರ್ ಅಂತ ಕರೆಯುವವರು, ಚಾಸಿಸ್ ನಂಬರ್ ಹೋಲಿಸಿ ನೋಡುತ್ತಾರೆ. ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಪ್ರಿಂಟ್ ಕೇಳುತ್ತಾರೆ, ಒಂದೆರಡು ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ. ಆ ಜಾಗದಲ್ಲಿ ಮಣ್ಣು, ತುಕ್ಕು ಇದ್ದರೆ ಮೊದಲೇ ಬಟ್ಟೆಯಿಂದ ಒರೆಸಿ, ಉಪ್ಪುಕಾಗದ ಹಾಕಿ ಉಜ್ಜಲು ಹೋಗಬೇಡಿ. ಅಂಕಿ ಅಳಿಸಿದ ಗುರುತು ಕಂಡರೆ ಇಡೀ ವಿಷಯ ಬೇರೆ ದಿಕ್ಕಿಗೆ ತಿರುಗುತ್ತದೆ. ಚಾಸಿಸ್ ಅಥವಾ ಎಂಜಿನ್ ನಂಬರ್ ದಾಖಲೆಯಲ್ಲಿರುವುದಕ್ಕಿಂತ ಬೇರೆ ಇದ್ದರೆ, ಇಲ್ಲವೇ ಸುಳ್ಳು ದಾಖಲೆ ಕೊಟ್ಟು ನೋಂದಣಿ ಮಾಡಿಸಿದ್ದು ಖಚಿತವಾದರೆ, ಮಾಲೀಕರ ಮಾತು ಕೇಳಿದ ಮೇಲೆ ನೋಂದಣಿಯನ್ನೇ ರದ್ದು ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್‌ನಲ್ಲಿ ಇದೆ.

ಕಂಪ್ಯೂಟರ್‌ನಲ್ಲಿ ತಿದ್ದುವುದು ಒಬ್ಬರ ಕೈಯಲ್ಲಿ ಇಲ್ಲ. ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಪರಿಶೀಲಿಸಬೇಕು, ಮತ್ತೊಬ್ಬರು ಅನುಮೋದಿಸಬೇಕು. ‘ನಾಳೆ ಬನ್ನಿ’ ಅನ್ನುವುದರಲ್ಲಿ ಸ್ವಲ್ಪ ನಿಜವೂ ಇರುತ್ತದೆ. ಯಾರ ಲಾಗಿನ್‌ನಲ್ಲಿ ನಿಂತಿದೆ ಅಂತ ಕೇಳಿ, ಅದಕ್ಕೆ ಉತ್ತರ ಸಿಗುತ್ತದೆ.

ಒಟಿಪಿಯ ವಿಷಯ ಮರೆಯಬೇಡಿ. ಆನ್‌ಲೈನ್ ಅರ್ಜಿಗಳೆಲ್ಲ ಆರ್‌ಸಿಗೆ ಜೋಡಿಸಿರುವ ಮೊಬೈಲ್ ನಂಬರ್‌ಗೆ ಒಟಿಪಿ ಕಳಿಸುತ್ತವೆ. ಹಳೇ ಗಾಡಿಗಳಲ್ಲಿ ಆ ನಂಬರ್ ಶೋರೂಮ್ ಹುಡುಗನದ್ದೋ ಏಜೆಂಟ್‌ನದ್ದೋ ಆಗಿರುತ್ತದೆ. ಮೊದಲು ಅದನ್ನು ಮಾಲೀಕರ ನಂಬರ್‌ಗೆ ಬದಲಾಯಿಸಿಕೊಳ್ಳಿ.

ನಿಜವಾಗಿಯೂ ಬಾಡಿಗೆ ಗಾಡಿಯಾಗಿದ್ದರೆ

ಆಗ ತಿದ್ದುಪಡಿ ಅರ್ಜಿ ಕೊಟ್ಟರೆ ತಿರಸ್ಕಾರ ಖಚಿತ. ನೀವು ಕೇಳಬೇಕಾದ್ದು ಪರಿವರ್ತನೆ, ಟ್ರಾನ್ಸ್‌ಪೋರ್ಟ್‌ನಿಂದ ನಾನ್ ಟ್ರಾನ್ಸ್‌ಪೋರ್ಟ್‌ಗೆ. ಜನ ಇದನ್ನು ‘ಯೆಲ್ಲೋ ಬೋರ್ಡ್‌ನಿಂದ ವೈಟ್ ಬೋರ್ಡ್ ಮಾಡಿಸುವುದು’ ಅನ್ನುತ್ತಾರೆ. ಕಾರುಗಳಲ್ಲಿ ಇದು ಮಾಮೂಲಿ, ಟೂ ವೀಲರ್‌ಗೂ ದಾರಿ ಅದೇ. ಪರ್ಮಿಟ್ ಇದ್ದರೆ ಅದನ್ನು ಮೊದಲು ಒಪ್ಪಿಸಬೇಕು. ಬಾಕಿ ತೆರಿಗೆ, ಇ-ಚಲನ್ ದಂಡ ಎಲ್ಲ ತೀರಿಸಬೇಕು. ಫಿಟ್‌ನೆಸ್ ಮುಗಿದಿದ್ದರೆ ಅದನ್ನೂ ಕೇಳುತ್ತಾರೆ. ಫೈನಾನ್ಸ್ ಇದ್ದರೆ ಅವರ ಒಪ್ಪಿಗೆ ಪತ್ರ ಬೇಕು. ಗಾಡಿ ತೋರಿಸಬೇಕು. ಆಮೇಲೆ ಸ್ವಂತ ಬಳಕೆಯ ಗಾಡಿಗೆ ಎಷ್ಟು ಲೈಫ್‌ಟೈಮ್ ಟ್ಯಾಕ್ಸ್ ಆಗುತ್ತದೋ ಅದನ್ನು ಗಾಡಿಯ ವಯಸ್ಸಿನ ಮೇಲೆ ಲೆಕ್ಕ ಹಾಕಿ ಕಟ್ಟಿಸಿಕೊಳ್ಳುತ್ತಾರೆ. ಸರಣಿ ಬೇರೆಯಾದ್ದರಿಂದ ಹೊಸ ನಂಬರ್ ಬರುವುದಕ್ಕೂ ತಯಾರಿರಿ.

ಇದೆಲ್ಲ ಖರ್ಚು ಸೇರಿಸಿ ನೋಡಿದರೆ ಅಗ್ಗಕ್ಕೆ ಸಿಕ್ಕಿದ ಸ್ಕೂಟರ್ ಅಷ್ಟೇನೂ ಅಗ್ಗ ಅಲ್ಲ ಅಂತ ಗೊತ್ತಾಗುತ್ತದೆ. ಬೇರೆಯವರಿಗೆ ಬಾಡಿಗೆಗೆ ಓಡಿದ ಗಾಡಿ ಅಂದರೆ ಎಂಜಿನ್ ಕೂಡ ಅಷ್ಟೇ ದುಡಿದಿರುತ್ತದೆ. ನನ್ನನ್ನು ಕೇಳಿದರೆ, ಪರಿವರ್ತನೆ ಮಾಡಿಸಿಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇನೆ ಅಂತ ಮಾರುವವನಿಗೇ ಹೇಳಿಬಿಡಿ.

ಉಲ್ಟಾ ತಪ್ಪೂ ಇದೆ. ವೈಟ್ ಬೋರ್ಡ್ ಬೈಕ್ ಕೊಂಡು ಅದನ್ನು ಬಾಡಿಗೆಗೆ ಓಡಿಸುವುದು. ಪರ್ಮಿಟ್ ಇಲ್ಲದೆ ಟ್ರಾನ್ಸ್‌ಪೋರ್ಟ್ ಗಾಡಿಯಾಗಿ ಬಳಸಿದರೆ ಸೆಕ್ಷನ್ 192ಎ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತ ಕಾಯ್ದೆಯಲ್ಲಿ ಬರೆದಿದೆ. ಅದು ಕ್ಲಾಸ್ ತಿದ್ದಿಸುವ ವಿಷಯ ಅಲ್ಲ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ಸ್ವಲ್ಪ ವಿಚಿತ್ರ ಪ್ರಕರಣಗಳು

ಅಂಗವಿಕಲರಿಗಾಗಿ ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರ್‌ಗಳು ಮಾರಾಟಕ್ಕೆ ಬರುತ್ತವೆ. ಪಕ್ಕದ ಚಕ್ರ ಬಿಚ್ಚಿ ಮಾಮೂಲಿ ಸ್ಕೂಟರ್ ಮಾಡಿ ಕೊಡುತ್ತಾರೆ, ಆರ್‌ಸಿಯಲ್ಲಿ ಹಳೇ ಕ್ಲಾಸ್ ಹಾಗೇ ಉಳಿಯುತ್ತದೆ. ಇಲ್ಲಿ ಆರ್‌ಸಿ ಸರಿ, ಗಾಡಿಯೇ ಬದಲಾಗಿದೆ. ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ರೂಪ ಬದಲಾಯಿಸುವ ಬಗ್ಗೆ ಇದೆ, ಕೆಲಸ ಅದರ ಅಡಿಯಲ್ಲಿ ಆಗಬೇಕು, ತಪಾಸಣೆ ಕಡ್ಡಾಯ. ಮೊದಲ ಮಾಲೀಕರು ತೆರಿಗೆ ರಿಯಾಯಿತಿ ಪಡೆದಿದ್ದರೆ ಅದರ ಲೆಕ್ಕವೂ ಎದುರಾಗುತ್ತದೆ.

ಮಿಲಿಟರಿ ಡಿಸ್ಪೋಸಲ್ ಬುಲೆಟ್ ಅಂದರೆ ನಮ್ಮ ಕಡೆ ಹುಡುಗರಿಗೆ ಪ್ರಾಣ. ಸೇನೆಯ ಗಾಡಿಗಳು ಆರ್‌ಟಿಒದಲ್ಲಿ ನೋಂದಣಿಯಾಗುವುದಿಲ್ಲ. ಸೆಕ್ಷನ್ 60ರ ಪ್ರಕಾರ ಅವುಗಳ ನೋಂದಣಿ ಬೇರೆ, ಮೇಲ್ಮುಖ ಬಾಣದ ಗುರುತಿನ ನಂಬರ್ ಇರುತ್ತದೆ. ಸೇನೆಯಿಂದ ಹೊರಬಿದ್ದ ಮೇಲೆ ಹರಾಜಿನ ಕಾಗದಗಳ ಆಧಾರದಲ್ಲಿ ಸಾಮಾನ್ಯ ಗಾಡಿಯಂತೆ ನೋಂದಣಿ ಮಾಡಿಸಬೇಕು. ಅದು ಒಮ್ಮೆಯೂ ಆಗದೆ, ಯಾವುದೋ ಹಳೇ ಬೈಕಿನ ಆರ್‌ಸಿ ಅಂಟಿಸಿ ಮಾರುವವರಿದ್ದಾರೆ. ಆರ್‌ಸಿಯ ಕ್ಲಾಸ್ ಅಥವಾ ಸಿಸಿ ಬುಲೆಟ್‌ಗೆ ಹೊಂದದಿದ್ದರೆ ‘ತಿದ್ದಿಸಿದರಾಯಿತು’ ಅನ್ನುವ ಮಾತು ನಂಬಬೇಡಿ. ಬಿ ಎಕ್ಸ್‌ಟ್ರಾಕ್ಟ್ ನೋಡದೆ ಅಡ್ವಾನ್ಸ್ ಕೊಡಬೇಡಿ.

ಇನ್ನು ‘ನೋಂದಣಿಯೇ ಬೇಡ’ ಅಂತ ಮಾರುವ ಎಲೆಕ್ಟ್ರಿಕ್ ಸ್ಕೂಟರ್. ಮೋಟರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಮಾತ್ರ ಆ ವಿನಾಯಿತಿ. ವೇಗದ ಮಿತಿ ತೆಗೆಸಿ 45ರಲ್ಲಿ ಓಡಿಸುತ್ತಿದ್ದರೆ ಅದು ನೋಂದಣಿಯೇ ಆಗದ ಗಾಡಿ. ತಿದ್ದಿಸಲು ಅಲ್ಲಿ ಆರ್‌ಸಿಯೇ ಇಲ್ಲ. ಬೈಕಿಗೆ ಸಾಮಾನಿನ ಗಾಡಿ ಬೆಸುಗೆ ಹಾಕಿಸಿಕೊಂಡು ತರಕಾರಿ ಮಾರುವವರ ವಾಹನವೂ ಹಾಗೇ, ಬರೀ ತಿದ್ದುಪಡಿ ಅರ್ಜಿಯಿಂದ ಸರಿಹೋಗುವ ವಿಷಯ ಅಲ್ಲ.

ಯಾರು ಅರ್ಜಿ ಹಾಕಬೇಕು, ಯಾವಾಗ?

ಹೆಸರು ಬದಲಾವಣೆಗೆ ಮೊದಲು, ಮಾರುವವರೇ ಹಾಕಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಕಾನೂನಿನ ಕಣ್ಣಿಗೆ ಮಾಲೀಕರು ಅಂದರೆ ಆರ್‌ಸಿಯಲ್ಲಿ ಹೆಸರಿರುವವರು. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿತು: ಗಾಡಿ ಎಷ್ಟು ಕೈ ಬದಲಾದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಇದನ್ನು ಮಾರುವವರಿಗೆ ತಿಳಿಸಿ ಹೇಳಿದರೆ ಕೆಲಸ ಮಾಡಿಸಿಕೊಡಲು ಅವರಿಗೂ ಆಸಕ್ತಿ ಬರುತ್ತದೆ. ‘29-30ಕ್ಕೆ ಸೈನ್ ಮಾಡಿ ಕೊಡ್ತೀನಿ, ಮಿಕ್ಕಿದ್ದು ನೀವು ನೋಡ್ಕೊಳ್ಳಿ’ ಅನ್ನುವ ವ್ಯವಹಾರದಲ್ಲಿ ಇಬ್ಬರಿಗೂ ಅಪಾಯ ಇದೆ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು ಅನ್ನುವುದು ನಿಯಮ. ಹಾಗಾಗಿ ಪೂರ್ತಿ ಹಣ ಕೊಟ್ಟು ಗಾಡಿ ತಂದಮೇಲೆ ನಿಧಾನಕ್ಕೆ ಕ್ಲಾಸ್ ತಿದ್ದಿಸುತ್ತೇನೆ ಅಂದರೆ ಸಮಯವೂ ಸಾಲುವುದಿಲ್ಲ.

ಡೀಲರ್ ಮೂಲಕ ಕೊಂಡಿದ್ದರೆ ಸ್ವಲ್ಪ ಅನುಕೂಲ. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಲ್ಲಿ ಹಳೇ ಗಾಡಿ ಮಾರುವ ಅಧಿಕೃತ ಡೀಲರ್‌ಗೆ ಗಾಡಿ ಒಪ್ಪಿಸಿದ ಮಾಹಿತಿ ಆರ್‌ಟಿಒಗೆ ಹೋದ ಮೇಲೆ, ಮಾರಾಟವಾಗುವವರೆಗೆ ಅವರನ್ನೇ ಮಾಲೀಕರಂತೆ ನೋಡಲಾಗುತ್ತದೆ. ನಿಮ್ಮ ಡೀಲರ್ ಬಳಿ ಆ ಅಧಿಕಾರಪತ್ರ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಅವರು ಬರೀ ಮಧ್ಯವರ್ತಿ.

ಬೇರೆ ರಾಜ್ಯದ ಬೈಕಾದರೆ ಇನ್ನೂ ಎಚ್ಚರ ಬೇಕು. ಹೊಸೂರು, ಕಾಸರಗೋಡು, ಗೋವಾ ಕಡೆಯಿಂದ ಗಾಡಿ ತರುವವರು ಫಾರಂ 28ರಲ್ಲಿ ಎನ್‌ಒಸಿ, ಅಂದರೆ ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ ತರುತ್ತಾರೆ. ಆ ಎನ್‌ಒಸಿ ತಪ್ಪು ಕ್ಲಾಸ್‌ನೊಂದಿಗೇ ಬಂದರೆ ಇಲ್ಲಿನ ಆರ್‌ಟಿಒ ‘ಅಲ್ಲಿಯೇ ತಿದ್ದಿಸಿಕೊಂಡು ಬನ್ನಿ’ ಅನ್ನುತ್ತದೆ, ಅಲ್ಲಿಯವರು ‘ಎನ್‌ಒಸಿ ಕೊಟ್ಟಾಯಿತು, ಗಾಡಿ ಈಗ ನಮ್ಮದಲ್ಲ’ ಅನ್ನುತ್ತಾರೆ. ಮಧ್ಯದಲ್ಲಿ ನೀವು. ಮೊದಲು ಮೂಲ ಕಚೇರಿಯಲ್ಲಿ ತಿದ್ದುಪಡಿ, ಆಮೇಲೆ ಎನ್‌ಒಸಿ.

ತಿದ್ದುಪಡಿ ಆದ ಮೇಲೆ ಆರ್‌ಸಿ ಹೊಸದಾಗಿ ಬರುತ್ತದೆ. ಡಿಜಿಲಾಕರ್‌ನಲ್ಲಿ ಹಳೆಯದನ್ನು ತೆಗೆದು ಮತ್ತೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಫೋನಿನಲ್ಲಿ ಹಳೇ ಕ್ಲಾಸೇ ಕಾಣುತ್ತಿರುತ್ತದೆ. ಇನ್ಶೂರೆನ್ಸ್ ಕಂಪನಿಗೆ ಹೊಸ ಆರ್‌ಸಿ ಕಳಿಸಿ ಪಾಲಿಸಿಯಲ್ಲಿ ಎಂಡಾರ್ಸ್‌ಮೆಂಟ್, ಅಂದರೆ ಬದಲಾವಣೆಯ ನಮೂದು ಹಾಕಿಸಿ. ಹೆಸರು ಬದಲಾವಣೆ ಆದಮೇಲೂ 14 ದಿನದೊಳಗೆ ಇದೇ ಕೆಲಸ ಇದೆ, ಎರಡೂ ಒಟ್ಟಿಗೆ ಮುಗಿಸಬಹುದು. ಹಳದಿ ಅಥವಾ ಕಪ್ಪು ಎಚ್‌ಎಸ್‌ಆರ್‌ಪಿ ಇದ್ದರೆ ಹೊಸ ಬಣ್ಣದ್ದಕ್ಕೆ ಮತ್ತೆ ಆರ್ಡರ್ ಮಾಡಬೇಕು, ಅಂಗಡಿಯಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡರೆ ಆಗುವುದಿಲ್ಲ.

ಅರ್ಜಿ ಕೊಟ್ಟು ಕಾದರೂ ಏನೂ ಆಗದಿದ್ದರೆ, ಯಾವ ಕಾರಣಕ್ಕೆ ನಿಂತಿದೆ ಅಂತ ಲಿಖಿತವಾಗಿ ಕೇಳಿ. ಬಾಯಿಮಾತಿನ ‘ಆಗಲ್ಲ’ ಮೇಲೆ ಏನೂ ಮಾಡಲು ಬರುವುದಿಲ್ಲ. ಹೆಸರು ಬದಲಾವಣೆ, ರೂಪ ಬದಲಾವಣೆ, ನೋಂದಣಿ ರದ್ದತಿ ಇವುಗಳ ಬಗ್ಗೆ ಲಿಖಿತ ಆದೇಶ ಬಂದರೆ, ಅದು ತಲುಪಿದ 30 ದಿನದೊಳಗೆ ಸೆಕ್ಷನ್ 57ರಲ್ಲಿ ಮೇಲ್ಮನವಿ ಹಾಕಬಹುದು. ಸೀಲು ಹಾಕಿಸಿಕೊಂಡ ಆ ಟಪಾಲು ಪ್ರತಿ ಆಗ ಬೇಕಾಗುತ್ತದೆ.